1967ರ ಫಿಯಟ್ 1100ಡಿ ಮತ್ತೆ ಕಟ್ಟುತ್ತಿದ್ದೇವೆ, ಒರಿಜಿನಲ್ ಪಾರ್ಟ್ಸ್ ಎಲ್ಲಿ ಹುಡುಕೋಣ?

ಬೆಣ್ಣೆನಗರಿ67

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ನಮ್ಮ ಅಪ್ಪನ ಫಿಯಟ್ 1100ಡಿ ಹದಿನಾಲ್ಕು ವರ್ಷದಿಂದ ಮನೆ ಹಿಂದಿನ ಶೆಡ್ಡಿನಲ್ಲಿ ನಿಂತಿದೆ. 1967ರ ಗಾಡಿ. ಎಮ್‌ವೈ ಅಂತ ಶುರುವಾಗುವ ಹಳೇ ಮೈಸೂರು ರಾಜ್ಯದ ನಂಬರ್. ಅಪ್ಪ ತೀರಿಕೊಂಡು ಎರಡು ವರ್ಷ ಆಯಿತು. ಈಗ ಅಣ್ಣ, ನಾನು ಸೇರಿ ಇದನ್ನು ಮತ್ತೆ ರಸ್ತೆಗೆ ಇಳಿಸಬೇಕು ಅಂತ ಮನಸ್ಸು ಮಾಡಿದ್ದೇವೆ. ಗುಜರಿಯವರು ಮೂರು ಸಲ ಬಂದು ಕೇಳಿದರು, ಕೊಡಲಿಲ್ಲ.

ಎಂಜಿನ್ ಜಾಮ್ ಆಗಿಲ್ಲ, ಕೈಯಲ್ಲಿ ತಿರುಗಿಸಿದರೆ ತಿರುಗುತ್ತದೆ. ಬಾಡಿ ಪರವಾಗಿಲ್ಲ, ಡ್ರೈವರ್ ಕಡೆಯ ಫ್ಲೋರ್ ಮಾತ್ರ ತೂತು ಬಿದ್ದಿದೆ. ಕಷ್ಟ ಇರುವುದು ಬೇರೆ ಕಡೆ. 90ರ ದಶಕದಲ್ಲಿ ಇಲ್ಲಿನ ಒಂದು ಗ್ಯಾರೇಜಿನಲ್ಲಿ ಸ್ಟೀರಿಂಗ್ ಪಕ್ಕದ ಹ್ಯಾಂಡ್ ಗೇರ್ ತೆಗೆದು ಫ್ಲೋರ್ ಗೇರ್ ಹಾಕಿಸಿದ್ದಾರೆ. ಮುಂದಿನ ಉದ್ದ ಸೀಟು ಹೋಗಿ ಎರಡು ಬಿಡಿ ಸೀಟು ಬಂದಿವೆ. ಮುಂದಿನ ಗ್ರಿಲ್ ಪದ್ಮಿನಿಯದ್ದು, ಅಂದರೆ ಇದೇ ಗಾಡಿಯ ನಂತರದ ಮಾದರಿಯದ್ದು. ಡಿಕ್ಕಿ ಮೇಲಿನ ಫಿಯಟ್ ಅಕ್ಷರ ಇಲ್ಲ. ಹಾರ್ನ್ ರಿಂಗ್ ಮುರಿದಿದೆ. ವೀಲ್ ಕಪ್ ನಾಲ್ಕರಲ್ಲಿ ಎರಡೇ ಉಳಿದಿವೆ.

ಗಾಡಿ ಮುಂಬೈನ ಕುರ್ಲಾ ಫ್ಯಾಕ್ಟರಿಯಿಂದ ಹೊರಗೆ ಬಂದಾಗ ಹೇಗಿತ್ತೋ ಹಾಗೆ ಮಾಡಬೇಕು ಅಂತ ನನ್ನ ಆಸೆ. ಸಾಮಾನು ಎಲ್ಲಿ ಸಿಗುತ್ತದೆ? ಸಿಕ್ಕಿದ್ದು ಒರಿಜಿನಲ್ಲೋ ಡೂಪ್ಲಿಕೇಟೋ ಅಂತ ತಿಳಿಯೋದು ಹೇಗೆ? ನನಗೆ ಮೆಕ್ಯಾನಿಕ್ ಕೆಲಸ ಗೊತ್ತಿಲ್ಲ, ಆದರೆ ಕಲಿಯುತ್ತೇನೆ.

ಹುಬ್ಬಳ್ಳಿ ಮೇಸ್ತ್ರಿ

ತಂಗಿ, ಯಾವ ಅಂಗಡಿಗೂ ಹೋಗುವ ಮುಂಚೆ ನಿಮ್ಮ ಮನೆಯ ಅಟ್ಟ ಹತ್ತಿ ನೋಡಿರಿ. ನಾನು 38 ವರ್ಷ ಫಿಯಟ್, ಅಂಬಾಸಡರ್ ಬಿಚ್ಚಿ ಕಟ್ಟಿದವನು. ಆ ಕಾಲದ ಯಜಮಾನರು ಗಾಡಿಯಿಂದ ತೆಗೆದ ಸಾಮಾನನ್ನು ಗ್ಯಾರೇಜಿನಲ್ಲಿ ಬಿಟ್ಟು ಬರುತ್ತಿರಲಿಲ್ಲ. ಕೇಳಿ ಇಸಕೊಂಡು, ಗೋಣಿಚೀಲದಲ್ಲಿ ಕಟ್ಟಿ ಮನೆಗೆ ಒಯ್ಯುತ್ತಿದ್ದರು. ಹಾಗೇ ಗೇರ್ ಬದಲಿಸಿದ ಗ್ಯಾರೇಜ್ ಇನ್ನೂ ಇದ್ದರೆ ಅಲ್ಲಿಗೂ ಹೋಗಿ ಬನ್ನಿ. ಮೇಸ್ತ್ರಿ ಇಲ್ಲದಿದ್ದರೆ ಅವರ ಮಗ ಇರುತ್ತಾನೆ, ಹಿತ್ತಲಲ್ಲಿ ಒಂದು ರಾಶಿ ಇದ್ದೇ ಇರುತ್ತದೆ.

ಎರಡನೇ ಮಾತು. ಈಗ ಗಾಡಿಯಲ್ಲಿ ಇರುವ ಯಾವ ನಟ್ಟು ಬೋಲ್ಟನ್ನೂ ಬಿಸಾಡಬೇಡಿ. ಫಿಯಟ್ ಇಟಲಿಯ ಗಾಡಿ, ಎಲ್ಲ ಎಮ್‌ಎಮ್ ಥ್ರೆಡ್ಡು. ಅಂಬಾಸಡರ್ ಇಂಗ್ಲೆಂಡಿನದ್ದು, ಅದು ಇಂಚಿನ ಲೆಕ್ಕ. ನಡುವೆ ಯಾರೋ ಅವಸರದಲ್ಲಿ ಅಂಬಾಸಡರ್ ಬೋಲ್ಟ್ ತುರುಕಿದ್ದರೆ ಅದು ಅರ್ಧ ಹತ್ತಿ ಬಿಗಿಯಾಗಿ ನಿಂತಿರುತ್ತದೆ, ಬಿಚ್ಚುವಾಗ ಒಳಗಿನ ಥ್ರೆಡ್ ಸಮೇತ ಬರುತ್ತದೆ. ಹಾಗಾಗಿ ಬಿಚ್ಚಿದ್ದನ್ನೆಲ್ಲ ಬೇರೆ ಬೇರೆ ಡಬ್ಬಿಗೆ ಹಾಕಿ, ಚೀಟಿ ಬರೆದು, ಬಿಚ್ಚುವ ಮೊದಲು ಫೋಟೊ ತೆಗೆಯಿರಿ. ಒಂದೊಂದು ಕ್ಲಿಪ್ಪಿಗೂ ತೆಗೆಯಿರಿ. ಆರು ತಿಂಗಳಾದ ಮೇಲೆ ಯಾರಿಗೂ ನೆನಪು ಇರುವುದಿಲ್ಲ.

ಜೆಸಿ ರೋಡ್ ಅಲೆಮಾರಿ

ಮೇಡಂ, ಒಳ್ಳೇ ಕೆಲಸಕ್ಕೆ ಕೈ ಹಾಕಿದ್ದೀರಿ. ಬೆಂಗಳೂರಿನ ಮಟ್ಟಿಗೆ ಹೇಳುತ್ತೇನೆ. ಜೆ.ಸಿ. ರಸ್ತೆಯಲ್ಲಿ ಈಗ ಹೊಸ ಗಾಡಿಗಳ ಸೀಟ್ ಕವರ್, ಮ್ಯೂಸಿಕ್ ಸಿಸ್ಟಮ್‌ಗಳೇ ಜಾಸ್ತಿ. ಆದರೆ ಒಳ ಓಣಿಗಳಲ್ಲಿ ಎರಡು ತಲೆಮಾರಿನ ಸಣ್ಣ ಅಂಗಡಿಗಳು ಇನ್ನೂ ಇವೆ. ಮುಂದಿನ ಕೌಂಟರ್ ನೋಡಿ ವಾಪಸ್ ಬರಬೇಡಿ, ಅವರ ಸಾಮಾನು ಇರುವುದು ಮೇಲಿನ ಮಹಡಿಯಲ್ಲಿ. "ಫಿಯಟ್ ಪಾರ್ಟ್ಸ್ ಇದೆಯಾ" ಅಂತ ಕೇಳಿದರೆ ಇಲ್ಲ ಅಂತಾರೆ. ನಿಮ್ಮ ಮುರಿದ ಪಾರ್ಟನ್ನೇ ಕೈಯಲ್ಲಿ ಹಿಡಿದು ತೋರಿಸಿ, ಆಗ ಅಜ್ಜ ಕನ್ನಡಕ ಹಾಕಿಕೊಂಡು ಎದ್ದು ಬರುತ್ತಾರೆ. ನನಗೆ ಹೀಗೆಯೇ ಮುಂದಿನ ಚಕ್ರ ತಿರುಗುವ ಕಿಂಗ್ ಪಿನ್ ಸೆಟ್, ವಾಟರ್ ಪಂಪ್, ಮುಂದಿನ ಇಂಡಿಕೇಟರ್ ಗಾಜು ಸಿಕ್ಕವು.

ಶಿವಾಜಿನಗರದ ಗುಜರಿಯಲ್ಲಿ ಬಾಡಿ ಸಾಮಾನು ಕೆಲವೊಮ್ಮೆ ಸಿಗುತ್ತದೆ. ಭಾನುವಾರ ಬೆಳಗ್ಗೆ ಎಸ್.ಜೆ.ಪಿ. ರಸ್ತೆ ಕಡೆ ಕೂರುವ ಸಂತೆಯಲ್ಲಿ ಅದೃಷ್ಟ ಇದ್ದರೆ ಮೀಟರು, ಲಾಂಛನ ಸಿಗಬಹುದು. ಬೇರೆ ಊರು ಅಂದರೆ ಚೆನ್ನೈನ ಪುದುಪೇಟೆ, ದೆಹಲಿಯ ಕಾಶ್ಮೀರಿ ಗೇಟ್, ಕೋಲ್ಕತ್ತಾದ ಮಲ್ಲಿಕ್ ಬಜಾರ್. ಆದರೆ ಫಿಯಟ್‌ಗೆ ಮುಂಬೈನಷ್ಟು ಒಳ್ಳೇ ಜಾಗ ಇಲ್ಲ, ಅದು ಅದರ ತವರು.

ಹೊಸಬ ಶಿವಮೊಗ್ಗ

ಒಂದು ಪ್ರಶ್ನೆ. 1100ಡಿ, ಪ್ರೆಸಿಡೆಂಟ್, ಪದ್ಮಿನಿ ಎಲ್ಲ ಒಂದೇ ಗಾಡಿ ಅಲ್ವಾ? ಹಾಗಾದರೆ ಪದ್ಮಿನಿ ಸಾಮಾನು ಹಾಕಿದರೆ ಅದೂ ಒರಿಜಿನಲ್ಲೇ ಆಗಲ್ವಾ?

ಹುಬ್ಬಳ್ಳಿ ಮೇಸ್ತ್ರಿ

ಒಳ್ಳೇ ಪ್ರಶ್ನೆ ತಮ್ಮಾ. ಪ್ರೀಮಿಯರ್ ಕಂಪನಿ ಈ ಆಕಾರದ 1100ಡಿ ಇಲ್ಲಿ ಶುರು ಮಾಡಿದ್ದು 1964ರಲ್ಲಿ. 1972ರಲ್ಲಿ ಅದೇ ಗಾಡಿಗೆ ಪ್ರೀಮಿಯರ್ ಪ್ರೆಸಿಡೆಂಟ್ ಅಂತ ಹೆಸರಾಯಿತು, 1974ರಿಂದ ಪದ್ಮಿನಿ. ಎಂಜಿನ್ ಅದೇ 1089 ಸಿಸಿ, ಬೋರ್, ಅಂದರೆ ಸಿಲಿಂಡರಿನ ಅಗಲ, 68 ಎಮ್‌ಎಮ್, ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 75. ಬಾಗಿಲು, ಬಾನೆಟ್, ಡಿಕ್ಕಿ ಎಲ್ಲ ಒಂದಕ್ಕೊಂದು ಕೂರುತ್ತವೆ. ಅದಕ್ಕೇ ಫಿಯಟ್ ಇಟ್ಟವರು ಪುಣ್ಯವಂತರು. ಎರಡು ಸಾವಿರನೇ ಇಸವಿಯ ತನಕ ಗಾಡಿ ತಯಾರಾಗುತ್ತಿತ್ತು, ಓಡಿಸಲು ಬೇಕಾದ ಸಾಮಾನಿಗೆ ಇವತ್ತಿಗೂ ದೊಡ್ಡ ಬರ ಇಲ್ಲ.

ಆದರೆ ಕೂರುವುದು ಬೇರೆ, ಆ ವರ್ಷದ್ದು ಆಗಿರುವುದು ಬೇರೆ. ಗ್ರಿಲ್ಲು, ಲಾಂಛನ, ಸ್ವಿಚ್ಚು, ಸೀಟಿನ ಹೊಲಿಗೆ, ಲೈಟಿನ ಗಾಜು, ಇವೆಲ್ಲ ಕಾಲಕ್ಕೆ ತಕ್ಕಂತೆ ಬದಲಾಗುತ್ತಾ ಬಂದವು. ಒಳಗೆ ಕಾಣದ ಬೇರಿಂಗು, ಪಿಸ್ಟನ್ನು, ಕಿಂಗ್ ಪಿನ್ನು ಪದ್ಮಿನಿಯದ್ದಾದರೂ ನಾನು ಒರಿಜಿನಲ್ ಅಂತಲೇ ಒಪ್ಪುತ್ತೇನೆ. ಕಣ್ಣಿಗೆ ಕಾಣುವುದು ಮಾತ್ರ 1967ರದ್ದೇ ಆಗಬೇಕು.

ಟೊರಿನೊ ಮಿತ್ರ

ನಾನು ಧಾರವಾಡದವನು, ಈಗ ಇಟಲಿಯ ಟೊರಿನೊದಲ್ಲಿ ಕೆಲಸ. ಫಿಯಟ್ ಹುಟ್ಟಿದ ಊರು ಇದೇ. ಇಲ್ಲಿಂದ ಸಾಮಾನು ತರಿಸುವ ಆಲೋಚನೆ ಇದ್ದರೆ ಮೊದಲೇ ಎಚ್ಚರಿಕೆ ಹೇಳಿಬಿಡುತ್ತೇನೆ, ಏಕೆಂದರೆ ನಾನೇ ಒಂದು ಸಲ ನಮ್ಮ ಚಿಕ್ಕಪ್ಪನ ದುಡ್ಡು ಹಾಳು ಮಾಡಿದ್ದೇನೆ.

ಅವರ ಗಾಡಿ 1966ರ 1100ಡಿ. ಪಿಸ್ಟನ್, ರಿಂಗು, ಹೆಡ್ ಗ್ಯಾಸ್ಕೆಟ್ ಬೇಕು ಅಂದರು. ಇಲ್ಲಿ ಅಂಗಡಿಯಲ್ಲಿ "1100ಡಿ" ಅಂತ ಕೇಳಿದೆ, ಅವರು 1100ಡಿಯದ್ದೇ ಕೊಟ್ಟರು, ಊರಿಗೆ ಹೋಗುವಾಗ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೋದೆ. ಲೇತಿನವರು ಅಳತೆ ತೆಗೆದು ನೋಡಿದರೆ 72 ಎಮ್‌ಎಮ್! ಇಟಲಿಯಲ್ಲಿ 1962ರಿಂದ 1966ರ ತನಕ ಬಂದ 1100ಡಿಯ ಎಂಜಿನ್ 1221 ಸಿಸಿ. ಹೆಸರು ಒಂದೇ, ಬಾಡಿ ಒಂದೇ, ಎಂಜಿನ್ ಬೇರೆ. ನಮ್ಮ ದೇಶದಲ್ಲಿ ಮಾತ್ರ ಹಳೇ 1089 ಸಿಸಿಯನ್ನೇ ಮುಂದುವರಿಸಿದರು. ಇದು ಅಂಗಡಿಯವನ ತಪ್ಪಲ್ಲ, ನನ್ನ ತಪ್ಪು, ನಾನು ಅಳತೆ ಕೇಳಿರಲಿಲ್ಲ.

ಹಾಗಾಗಿ ಇಲ್ಲಿಂದ ಎಂಜಿನ್ ಸಾಮಾನು ತರಿಸುವವರು 1100ಡಿ ಅಂತ ಹುಡುಕಲೇಬೇಡಿ. ಅದಕ್ಕೂ ಹಳೇ ಮಾದರಿಯಾದ 1100/103 ಅಂತ ಹುಡುಕಿ, ಅಥವಾ 1966ರ ನಂತರ ಬಂದ 1100ಆರ್ ಅಂತ, ಅದೂ 1089 ಸಿಸಿ. ಆಗಲೂ ಮಾದರಿ ನಂಬಬೇಡಿ, ಬೋರ್ 68 ಹೌದಾ ಅಂತ ಕೇಳಿ. ಇಲ್ಲಿನ ಭಾಷೆಯಲ್ಲಿ ಬಿಡಿಭಾಗಕ್ಕೆ ರಿಕಾಂಬಿ ಅಂತಾರೆ, ಆ ಪದ ಹಾಕಿ ಹುಡುಕಿದರೆ ಜಾಸ್ತಿ ಸಿಗುತ್ತದೆ.

ಇನ್ನೊಂದು ಗಮನಿಸಿ. ಇಲ್ಲಿ ಸ್ಟೀರಿಂಗ್ ಎಡಗಡೆ. ಡ್ಯಾಶ್‌ಬೋರ್ಡು, ಪೆಡಲ್ಲಿನ ಜೋಡಣೆ, ವೈಪರ್ ಲಿಂಕೇಜು, ಸ್ಟೀರಿಂಗ್ ಬಾಕ್ಸು ಎಲ್ಲ ಉಲ್ಟಾ. ಹ್ಯಾಂಡ್ ಗೇರಿನ ಲಿಂಕೇಜ್, ಅಂದರೆ ಲಿವರನ್ನು ಗೇರ್‌ಬಾಕ್ಸಿಗೆ ಕೂಡಿಸುವ ಸರಳುಗಳು, ಕೂಡ ಇಲ್ಲಿಂದ ತರಿಸಿ ಪ್ರಯೋಜನ ಇಲ್ಲ. ಲೈಟಿನ ಗಾಜು, ಕಿಟಕಿ ಹಿಡಿ, ರಬ್ಬರ್ ಬೀಡಿಂಗ್ ಇಂಥವು ಆಗಬಹುದು.

ಬೆಣ್ಣೆನಗರಿ67

ಅಯ್ಯೋ, ನಾನು ನಿನ್ನೆ ರಾತ್ರಿಯೇ ಇಟಲಿಯ ಒಂದು ಗ್ಯಾಸ್ಕೆಟ್ ಸೆಟ್ ಆರ್ಡರ್ ಮಾಡಲು ಹೊರಟಿದ್ದೆ. ಅದರ ಮೇಲೆ 1100ಡಿ ಅಂತಲೇ ಬರೆದಿತ್ತು. ಟೊರಿನೊ ಅಣ್ಣ, ನಿಮಗೆ ತುಂಬಾ ಥ್ಯಾಂಕ್ಸ್.

ಹಾಗಾದರೆ ಒಂದು ಗೊಂದಲ. ಇಟಲಿಯ ಸಾಮಾನು ಹಾಕಿದರೆ ಅದು ಹೆಚ್ಚು ಒರಿಜಿನಲ್ ಅಂತ ನಮ್ಮೂರಿನಲ್ಲಿ ಒಬ್ಬರು ಹೇಳಿದ್ದರು. ಅದು ನಿಜವಾ?

ಕುರ್ಲಾ ಕನ್ನಡಿಗ

ಇಲ್ಲ ತಂಗಿ, ನಿಜ ಅಲ್ಲ. ನಾನು ಉಡುಪಿ ಕಡೆಯವನು, ಮುಂಬೈಗೆ ಬಂದು 41 ವರ್ಷ ಆಯಿತು. ಪ್ರೀಮಿಯರ್ ಫ್ಯಾಕ್ಟರಿ ಕುರ್ಲಾದಲ್ಲೇ ಇತ್ತು, ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಶುರು ಮಾಡಿದ ಕಂಪನಿ. 50ರ ದಶಕದಲ್ಲಿ ಇಟಲಿಯಿಂದ ಬಿಡಿ ಸಾಮಾನು ಪೆಟ್ಟಿಗೆಯಲ್ಲಿ ಬರುತ್ತಿತ್ತು, ಇಲ್ಲಿ ಜೋಡಿಸುತ್ತಿದ್ದರು. ಆಮೇಲೆ ಒಂದೊಂದೇ ಸಾಮಾನು ಇಲ್ಲೇ ಮಾಡಲು ಶುರು ಮಾಡಿದರು. 1967ರ ಹೊತ್ತಿಗೆ ಹೆಚ್ಚಿನದ್ದು ಇಲ್ಲಿಯದ್ದೇ. ನಿಮ್ಮ ಗಾಡಿಗೆ ಇಟಲಿಯ ಲೈಟ್ ಹಾಕಿದರೆ ಅದು ಚೆಂದ ಕಾಣಬಹುದು, ಒಳ್ಳೇ ಲೈಟೂ ಹೌದು, ಆದರೆ ನಿಮ್ಮ ಗಾಡಿಗೆ ಅದು ಹೊರಗಿನದ್ದೇ. ಹಳೇ ದುಕ್ಕರ್ ಫಿಯಟ್ ಇದ್ದವರ ಮಾತು ಬೇರೆ, ಅಂದರೆ 50ರ ದಶಕದ ಗುಂಡು ಮೂತಿಯ ಮಾದರಿ, ಮರಾಠಿಯವರು ಅದಕ್ಕೆ ಹಾಗೆ ಕರೆಯುತ್ತಾರೆ. ಅದರಲ್ಲಿ ಇಟಲಿಯ ಗುರುತು ಇರುವ ಸಾಮಾನು ಇರುವುದೇ ಸರಿ. ನಿಮ್ಮದರಲ್ಲಿ ಪಿ.ಎ.ಎಲ್., ಅಂದರೆ ಪ್ರೀಮಿಯರ್ ಆಟೊಮೊಬೈಲ್ಸ್ ಲಿಮಿಟೆಡ್, ಅಂತ ಒತ್ತಿದ ಸಾಮಾನು ಸಿಕ್ಕರೆ ಕಣ್ಣಿಗೆ ಒತ್ತಿಕೊಳ್ಳಿ.

ಈಗ ನಿಮ್ಮ ಹ್ಯಾಂಡ್ ಗೇರಿನ ವಿಷಯ. ಇಲ್ಲಿನ ಕಾಲಿ ಪೀಲಿ, ಅಂದರೆ ಕಪ್ಪು ಹಳದಿ ಬಣ್ಣದ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆ ತನಕ ಸ್ಟೀರಿಂಗ್ ಪಕ್ಕದ ಗೇರೇ ಇತ್ತು. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿ ಆದದ್ದು 2003ರ ಅಕ್ಟೋಬರ್‌ನಲ್ಲಿ. ಟ್ಯಾಕ್ಸಿಗೆ 20 ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರ್ ಕೊನೆಗೆ ಅವು ಪೂರ್ತಿ ನಿಂತುಹೋದವು. ಆ ದಿನ ನಾನು ಕೂಡ ರಸ್ತೆ ಬದಿ ನಿಂತು ನೋಡಿದೆ, ಕಣ್ಣು ತುಂಬಿ ಬಂತು. ಎಷ್ಟೋ ವರ್ಷ ನಮ್ಮ ಮನೆಯ ಅಡುಗೆ ಸಿಲಿಂಡರಿನಿಂದ ಹಿಡಿದು ಹೆರಿಗೆಗೆ ಹೋಗುವ ತನಕ ಎಲ್ಲ ಅದರಲ್ಲೇ.

ಆ ಗಾಡಿಗಳನ್ನು ಒಡೆದಾಗ ಗೇರ್ ಲಿವರ್, ಸ್ಟೀರಿಂಗ್ ಕಾಲಮ್ಮಿನ ಉದ್ದ ರಾಡು, ಕೆಳಗಿನ ಲಿಂಕೇಜು ರಾಶಿ ರಾಶಿ ಬಂದವು. ಈಗ ಕಡಿಮೆ ಆಗುತ್ತಿದೆ. ಕುರ್ಲಾದ ಗುಜರಿ ಅಂಗಡಿಗಳಲ್ಲಿ, ಒಪೇರಾ ಹೌಸ್ ಕಡೆಯ ಸ್ಪೇರ್ ಅಂಗಡಿಗಳಲ್ಲಿ ನಾನು ಕೇಳಿ ನೋಡುತ್ತೇನೆ. ಒಂದು ಮಾತು ನೆನಪಿರಲಿ, ಟ್ಯಾಕ್ಸಿಯ ಎಂಜಿನ್ ಸಾಮಾನು ತೆಗೆದುಕೊಳ್ಳಬೇಡಿ. ಬಹಳಷ್ಟು ಸಿಎನ್‌ಜಿಯಲ್ಲಿ ಓಡಿದವು, ವಾಲ್ವ್ ಸೀಟ್ ತಿಂದು ಹೋಗಿರುತ್ತದೆ.

ಹುಬ್ಬಳ್ಳಿ ಮೇಸ್ತ್ರಿ

ಕುರ್ಲಾದವರು ಸರಿಯಾಗಿ ಹೇಳಿದರು. ಲಿಂಕೇಜ್ ಸಿಕ್ಕರೂ ಅದರ ಕೀಲಿನೊಳಗಿನ ಬಳೆ, ಬುಷ್, ಸವೆದಿರುತ್ತದೆ, ಅದೇ ಕಾರಣಕ್ಕೇ ಜನ ಬೇಸತ್ತು ಫ್ಲೋರ್ ಗೇರ್ ಹಾಕಿಸಿದ್ದು. ಎರಡನೇ ಗೇರ್ ಹಾಕಲು ಹೋದರೆ ಸಿಕ್ಕಿಕೊಳ್ಳುತ್ತಿತ್ತು, ಬಾನೆಟ್ ಎತ್ತಿ ಕೈಯಲ್ಲಿ ಎಳೆಯಬೇಕಿತ್ತು. ಬುಷ್ಷನ್ನು ಲೇತಿನಲ್ಲಿ ಹೊಸದಾಗಿ ಮಾಡಿಸಿ, ಲಿವರ್ ಗಟ್ಟಿಯಾಗಿ ನಿಲ್ಲುತ್ತದೆ. ಗೇರ್‌ಬಾಕ್ಸಿನ ಕವರ್ ಕೂಡ ಬೇರೆ ಬರುತ್ತದೆ, ಫ್ಲೋರ್ ಗೇರಿನ ಕವರಿಗೆ ಕಾಲಮ್ ಲಿಂಕೇಜ್ ಕೂರುವುದಿಲ್ಲ. ಬರೀ ಲಿವರ್ ತಂದು ಕೂತರೆ ಆಗುವುದಿಲ್ಲ, ಕೇಳುವಾಗ ಪೂರ್ತಿ ಸೆಟ್ ಕೇಳಿ. ಫ್ಲೋರಿನಲ್ಲಿ ಕತ್ತರಿಸಿದ ತೂತನ್ನು ತಗಡು ಹಾಕಿ ಬೆಸೆಯಬೇಕು, ಹೇಗೂ ಫ್ಲೋರ್ ಕೆಲಸ ಇದ್ದೇ ಇದೆ.

ಹೆರಾಲ್ಡ್ ಮೈಸೂರು

ನನ್ನ ಗಾಡಿ ಸ್ಟ್ಯಾಂಡರ್ಡ್ ಹೆರಾಲ್ಡ್, ಮದ್ರಾಸಿನಲ್ಲಿ ತಯಾರಾದದ್ದು. ನನ್ನ ಅನುಭವವೂ ಇದೇ. ಬ್ರಿಟನ್ನಿನಲ್ಲಿ ಟ್ರಯಂಫ್ ಹೆರಾಲ್ಡ್‌ಗೆ ಇವತ್ತಿಗೂ ಹೊಸ ಸಾಮಾನು ಮಾಡಿ ಮಾರುತ್ತಾರೆ, ರಬ್ಬರಿನಿಂದ ಹಿಡಿದು ಬ್ರೇಕ್ ತನಕ. ಆದರೆ ನನ್ನದು ನಾಲ್ಕು ಬಾಗಿಲಿನ ಮಾರ್ಕ್ 3. ಆ ನಾಲ್ಕು ಬಾಗಿಲಿನ ಹೆರಾಲ್ಡ್ ಬ್ರಿಟನ್ನಿನಲ್ಲಿ ಬಂದೇ ಇಲ್ಲ, ನಮ್ಮ ದೇಶದಲ್ಲಿ ಮಾತ್ರ. ಹಿಂದಿನ ಬಾಗಿಲಿನ ಗಾಜಿಗೆ, ಅದರ ರಬ್ಬರಿಗೆ ನಾನು ಮೂರು ವರ್ಷ ಅಲೆದೆ. ಕೊನೆಗೆ ತಮಿಳುನಾಡಿನ ಒಂದು ಹಳ್ಳಿಯಲ್ಲಿ ಕೋಳಿ ಗೂಡಾಗಿದ್ದ ಗಾಡಿಯಿಂದ ಬಿಚ್ಚಿ ತಂದೆ.

ಹೆರಾಲ್ಡ್‌ಗೆ ಚಾಸಿಸ್ ಬೇರೆ, ಬಾಡಿ ಬೇರೆ, ಬೋಲ್ಟ್ ಬಿಚ್ಚಿದರೆ ಪ್ಯಾನೆಲ್ ಕೈಗೆ ಬರುತ್ತದೆ. ನಿಮ್ಮ ಫಿಯಟ್‌ಗೆ ಆ ಸೌಕರ್ಯ ಇಲ್ಲ, ಬಾಡಿಯೇ ಚಾಸಿಸ್. ಆದ್ದರಿಂದ ಲಾಂಛನ, ಗ್ರಿಲ್ ಅಂತ ಓಡಾಡುವ ಮುಂಚೆ ಫ್ಲೋರ್, ಬಾಗಿಲ ಕೆಳಗಿನ ಪಟ್ಟಿ, ಜಾಕ್ ಹಾಕುವ ಜಾಗ ಗಟ್ಟಿ ಮಾಡಿಸಿಕೊಳ್ಳಿ.

ಕರಾವಳಿ ತುಕ್ಕು

ಹೆರಾಲ್ಡ್ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ಮಂಗಳೂರಿನಲ್ಲಿ ನಾವು ದಿನಾ ಉಪ್ಪು ಗಾಳಿಯ ಜೊತೆ ಗುದ್ದಾಡುವವರು. ಬಾಗಿಲು, ಫೆಂಡರ್ ಕೊಳ್ಳುವಾಗ ಜೇಬಿನಲ್ಲಿ ಒಂದು ಸಣ್ಣ ಮ್ಯಾಗ್ನೆಟ್ ಇಟ್ಟುಕೊಳ್ಳಿ. ಅಂಟದ ಕಡೆ ಒಳಗೆ ಪುಟ್ಟಿ ತುಂಬಿದ್ದಾರೆ ಅಂತ ಅರ್ಥ. ನಾನು ಒಂದು ಸಲ ಪೇಂಟ್ ಹೊಳಪು ನೋಡಿ ಬಾಗಿಲು ತಂದೆ, ಕೆಳಗಿನ ನಾಲ್ಕು ಇಂಚು ಬರೀ ಪುಟ್ಟಿ. ಒಣ ಸೀಮೆಯ ಗಾಡಿಯ ಬಾಗಿಲು ಸಿಕ್ಕರೆ ಅದೇ ಚಿನ್ನ. ಬಳ್ಳಾರಿ, ರಾಯಚೂರು, ಕಲಬುರಗಿ ಕಡೆ ಕೇಳಿ ನೋಡಿ ಅಕ್ಕ, ನಿಮಗೆ ಹತ್ತಿರವೂ ಹೌದು.

ಜೆಸಿ ರೋಡ್ ಅಲೆಮಾರಿ

ಅಸಲಿ ನಕಲಿ ಬಗ್ಗೆ ಕೇಳಿದ್ದಿರಲ್ಲ ಮೇಡಂ, ಅದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಏಕೆಂದರೆ ನಾನು ಜಾಸ್ತಿ ಮೋಸ ಹೋಗಿರುವುದು ಇಲ್ಲೇ.

ಡಬ್ಬಿ ನೋಡಿ ನಂಬಬೇಡಿ. ಹಳೇ ಕಂಪನಿ ಡಬ್ಬಿಯಲ್ಲಿ ಹೊಸ ಲೋಕಲ್ ಸಾಮಾನು ಹಾಕಿ ಕೊಡುವವರು ಇದ್ದಾರೆ, ಡಬ್ಬಿಯನ್ನೇ ಹೊಸದಾಗಿ ಪ್ರಿಂಟ್ ಮಾಡಿಸುವವರೂ ಇದ್ದಾರೆ. ಸಾಮಾನು ಕೈಗೆ ತೆಗೆದುಕೊಳ್ಳಿ. ಎರಕದ ಸಾಮಾನಾದರೆ ಒತ್ತಿದ ಅಕ್ಷರ, ನಂಬರಿನ ಅಂಚು ನೋಡಿ. ಕಂಪನಿಯದ್ದಾದರೆ ಅಂಚು ಚೂಪಾಗಿ ಇರುತ್ತದೆ. ಒರಿಜಿನಲ್ಲನ್ನೇ ಮಣ್ಣಿನ ಅಚ್ಚಿಗೆ ಒತ್ತಿ ಎರಕ ಹೊಯ್ದಿದ್ದರೆ ಅಕ್ಷರ ಮೊಂಡಾಗಿ ಕರಗಿದಂತೆ ಕಾಣುತ್ತದೆ, ಅಳತೆಯೂ ಕೂದಲೆಳೆಯಷ್ಟು ಚಿಕ್ಕದಾಗಿರುತ್ತದೆ, ಲೋಹ ತಣಿದಾಗ ಕುಗ್ಗುತ್ತದಲ್ಲ. ಬಳಸದೇ ಉಳಿದ ಹಳೇ ಸ್ಟಾಕ್ ಆದರೆ ಮೇಣದ ಕಾಗದ, ಒಣಗಿ ಕಂದು ಬಣ್ಣಕ್ಕೆ ತಿರುಗಿದ ಗ್ರೀಸ್ ಇರುತ್ತದೆ. ಬೋಲ್ಟ್ ತೂತಿನ ಸುತ್ತ ವಾಷರ್ ಗುರುತು ಇದ್ದರೆ ಅದು ಒಮ್ಮೆ ಗಾಡಿಗೆ ಹಾಕಿ ತೆಗೆದದ್ದು.

ಕಂಪನಿಯ ಸ್ಪೇರ್ ಪಾರ್ಟ್ಸ್ ಕ್ಯಾಟಲಾಗ್ ಸಿಕ್ಕರೆ ಜೆರಾಕ್ಸ್ ಆದರೂ ಮಾಡಿಸಿಕೊಳ್ಳಿ. ಪಾರ್ಟ್ ನಂಬರ್ ಹೇಳಿ ಕೇಳುವವರಿಗೂ "ಅದು, ಮುಂದೆ ಇರುತ್ತಲ್ಲ ಅದು" ಅಂತ ಕೇಳುವವರಿಗೂ ಅಂಗಡಿಯಲ್ಲಿ ಸಿಗುವ ಮರ್ಯಾದೆ ಬೇರೆ, ರೇಟೂ ಬೇರೆ.

ಫೋನಿನಲ್ಲಿ ಮಾರುವವರಿಗೆ ಅಡ್ವಾನ್ಸ್ ಹಾಕುವ ಮುಂಚೆ ಒಂದು ಕೆಲಸ ಮಾಡಿ. ಆ ಸಾಮಾನಿನ ಪಕ್ಕ ಇವತ್ತಿನ ತಾರೀಖು, ನಿಮ್ಮ ಊರಿನ ಹೆಸರು ಬರೆದ ಚೀಟಿ ಇಟ್ಟು ವಿಡಿಯೊ ಕಳಿಸಿ ಅನ್ನಿ. ನಿಜವಾಗಿ ಕೈಯಲ್ಲಿ ಸಾಮಾನು ಇರುವವರು ಎರಡು ನಿಮಿಷದಲ್ಲಿ ಕಳಿಸುತ್ತಾರೆ. ನನ್ನ ಹತ್ತಿರ ಒಬ್ಬ ಮೀಟರಿಗೆ ಅಂತ ನಾಲ್ಕು ಸಾವಿರ ಹಾಕಿಸಿಕೊಂಡು ಫೋನ್ ಆಫ್ ಮಾಡಿದ. ಆ ಫೋಟೊ ಬೇರೆ ಯಾರದೋ ಗಾಡಿಯದ್ದು ಅಂತ ಆಮೇಲೆ ಗೊತ್ತಾಯಿತು.

ಹುಬ್ಬಳ್ಳಿ ಮೇಸ್ತ್ರಿ

ಅಲೆಮಾರಿ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಹಳೇ ಸ್ಟಾಕ್ ಅಂದ ಕೂಡಲೇ ಎಲ್ಲವನ್ನೂ ಕೊಳ್ಳಬೇಡಿ. ಕಬ್ಬಿಣ, ಹಿತ್ತಾಳೆ 50 ವರ್ಷ ಇಟ್ಟರೂ ಕೆಡುವುದಿಲ್ಲ. ರಬ್ಬರ್ ಕೆಡುತ್ತದೆ. ಬ್ರೇಕಿನ ಹೋಸ್ ಪೈಪು, ವೀಲ್ ಸಿಲಿಂಡರ್ ಕಪ್ಪು ಎಷ್ಟೇ ಒರಿಜಿನಲ್ ಆಗಿರಲಿ, ಡಬ್ಬಿ ಒಡೆಯದೇ ಇರಲಿ, ಗಾಡಿಗೆ ಹಾಕಬೇಡಿ. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು, ಒಂದೇ ಸರ್ಕ್ಯೂಟು. ಒಂದು ಕಪ್ ಸೋರಿದರೆ ಪೂರ್ತಿ ಬ್ರೇಕ್ ಹೋಗುತ್ತದೆ. ಅಲ್ಲಿ ಹೊಸದೇ ಬೇಕು. ಡಿಸ್ಟ್ರಿಬ್ಯೂಟರಿನ ಕಂಡೆನ್ಸರ್ ಕೂಡ ಹಾಗೇ, ಹಳೇ ಸ್ಟಾಕಿನದ್ದು ಎಂಜಿನ್ ಬಿಸಿಯಾದ ಮೇಲೆ ಕೈ ಕೊಡುತ್ತದೆ. ಪೆಟ್ರೋಲ್ ಪಂಪಿನ ಡಯಾಫ್ರಮ್ಮು, ಪೈಪು ಇವನ್ನೂ ಎಥನಾಲ್ ತಡೆಯುವ ರಬ್ಬರಿನದ್ದೇ ಹಾಕಿಸಿ. ಈಗಿನ ಪೆಟ್ರೋಲಿನಲ್ಲಿ 20% ಎಥನಾಲ್ ಇರುತ್ತದೆ, ಹಳೇ ರಬ್ಬರ್ ಮೆತ್ತಗಾಗಿ ಉಬ್ಬುತ್ತದೆ, ಬೆಂಕಿಯ ಭಯ.

ನಮ್ಮವರನ್ನು ಕೂರಿಸಿಕೊಂಡು ಓಡಿಸುವ ಗಾಡಿ. ಒರಿಜಿನಲ್ ಅನ್ನುವ ಹಟ ಬ್ರೇಕಿನ ಹತ್ತಿರ ಬೇಡ.

ಹೊಸಬ ಶಿವಮೊಗ್ಗ

ಇಷ್ಟೆಲ್ಲ ಅಲೆಯುವ ಬದಲು ಒಂದು ಪೂರ್ತಿ ಪದ್ಮಿನಿಯನ್ನೇ ಕೊಂಡು ಸಾಮಾನು ಬಿಚ್ಚಿಕೊಂಡರೆ ಅಗ್ಗ ಆಗಲ್ವಾ? ನಮ್ಮ ಊರಿನಲ್ಲಿ 1986ರ ಒಂದು ಹ್ಯಾಂಡ್ ಗೇರ್ ಗಾಡಿ ಇದೆ. ಓಡುತ್ತದೆ. ಮಾಲೀಕರು ಕೊಡಲು ತಯಾರಿದ್ದಾರೆ.

ಹೆರಾಲ್ಡ್ ಮೈಸೂರು

ಓಡುವ ಗಾಡಿಯನ್ನು ಒಡೆಯಬೇಡಿ. ದಯವಿಟ್ಟು.

ಜೆಸಿ ರೋಡ್ ಅಲೆಮಾರಿ

ಹೆರಾಲ್ಡ್ ಸರ್, ನಿಮ್ಮ ಭಾವನೆ ಅರ್ಥ ಆಗುತ್ತದೆ. ಆದರೆ ಒಂದು ಗಾಡಿಯಿಂದ ನಾಲ್ಕು ಗಾಡಿ ಬದುಕುತ್ತವೆ ಅಂದರೆ ತಪ್ಪೇನಿದೆ? ಮಾಲೀಕರು ಬೇಡ ಅಂದ ಗಾಡಿ ನಾಳೆ ಗುಜರಿಗೆ ಹೋದರೆ ಯಾರಿಗೂ ಏನೂ ಸಿಗುವುದಿಲ್ಲ, ತೂಕಕ್ಕೆ ಕಬ್ಬಿಣವಾಗಿ ಹೋಗುತ್ತದೆ. ನಾನು ಎರಡು ಗಾಡಿ ಹೀಗೆ ಬಿಚ್ಚಿದ್ದೇನೆ, ಎರಡೂ ಬಾಡಿ ಪೂರ್ತಿ ಕೊಳೆತವು.

ಹೆರಾಲ್ಡ್ ಮೈಸೂರು

ಕೊಳೆತ ಬಾಡಿಯನ್ನು ಬಿಚ್ಚಿದರೆ ನಾನು ಬೇಡ ಅನ್ನುವುದಿಲ್ಲ, ನಾನೂ ಅದನ್ನೇ ಮಾಡಿದೆ. ಇಲ್ಲಿ ಓಡುವ ಗಾಡಿಯ ಮಾತು ಬಂತು, ಅದಕ್ಕೇ ಬರೆದೆ. 1986ರದ್ದು ಇವತ್ತು ಯಾರಿಗೂ ಬೇಡ ಅನಿಸಬಹುದು. 90ರ ದಶಕದಲ್ಲಿ ಹೆರಾಲ್ಡ್‌ಗೂ ಜನ ಹೀಗೇ ಅಂದರು. ಮಾರುತಿ ಬಂತು ಅಂತ, ಜಾಗ ಇಲ್ಲ ಅಂತ ಸಾಲು ಸಾಲಾಗಿ ಒಡೆದರು. ನಾನು ಆ ಒಂದು ಗಾಜಿಗೆ ಮೂರು ವರ್ಷ ಅಲೆದದ್ದು ಆ ಒಡೆತದಿಂದಲೇ. ಶಿವಮೊಗ್ಗದವರೇ, ಆ ಗಾಡಿಯನ್ನು ನೀವೇ ಕೊಂಡು ಇಟ್ಟುಕೊಳ್ಳಿ. ಸಾಮಾನಿನ ದಾರಿ ಈಗ ನಿಮಗೂ ಗೊತ್ತಾಯಿತಲ್ಲ.

ಕುರ್ಲಾ ಕನ್ನಡಿಗ

ನನ್ನದೂ ಅದೇ ಮಾತು. ಮುಂಬೈಯಲ್ಲಿ ಇನ್ನೂ ಬಿಡಿ ಸಾಮಾನು ಸಿಗುತ್ತಿರುವಾಗ ಓಡುವ ಗಾಡಿಗೆ ಯಾಕೆ ಕೈ ಹಾಕಬೇಕು.

ಕರಾವಳಿ ತುಕ್ಕು

ಅಕ್ಕ, ಕಾಗದಪತ್ರದ ವಿಷಯ ಮರೆಯಬೇಡಿ. ಆರ್‌ಸಿ ತಂದೆಯವರ ಹೆಸರಿನಲ್ಲೇ ಇದ್ದರೆ ಮೊದಲು ವಾರಸುದಾರರ ಹೆಸರಿಗೆ ಮಾಡಿಸಿ, ಅದಕ್ಕೆ ಫಾರ್ಮ್ 31. ಆಮೇಲೆ ನವೀಕರಣ. ಇನ್ನೊಂದು ದಾರಿಯೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿಸ್, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಇಲ್ಲದೆ ಮೂಲ ರೂಪದಲ್ಲಿ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಮಾನ್ಯ. ಆಗಲೇ ನೋಂದಣಿ ಆಗಿರುವ ಗಾಡಿಗೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು, ನಿಮ್ಮ ಎಮ್‌ವೈ ನಂಬರ್ ಹೋಗುವುದಿಲ್ಲ. ಆದರೆ ದಿನಾ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ. ದಿನಾ ಮಕ್ಕಳನ್ನು ಸ್ಕೂಲಿಗೆ ಬಿಡಬೇಕು ಅಂದರೆ ಮಾಮೂಲಿ ನವೀಕರಣವೇ ಸರಿ.

ಎಂಜಿನ್ ನಂಬರ್, ಚಾಸಿಸ್ ನಂಬರ್ ಆರ್‌ಸಿ ಜೊತೆ ತಾಳೆ ನೋಡಿ. ಪೇಂಟ್ ಕೆಲಸದವರಿಗೆ ಆ ನಂಬರ್ ಇರುವ ಪ್ಲೇಟ್ ಮುಟ್ಟಬೇಡಿ ಅಂತ ಬಾಯಲ್ಲಿ ಹೇಳಿದರೆ ಸಾಲದು, ಮೇಲೆ ಟೇಪ್ ಹಚ್ಚಿಯೇ ಕಳಿಸಿ.

ಬೆಣ್ಣೆನಗರಿ67

ಐದು ವಾರ ಬರೆಯಲು ಆಗಿರಲಿಲ್ಲ, ಕ್ಷಮಿಸಿ. ಹೇಳಲು ತುಂಬಾ ಇದೆ.

ಮೇಸ್ತ್ರಿ ಅಣ್ಣ, ನೀವು ಹೇಳಿದ ಹಾಗೆ ಅಟ್ಟ ಹತ್ತಿದೆವು. ಅಮ್ಮ "ಅಲ್ಲಿ ಬರೀ ಹಳೇ ಹಂಡೆ, ತೊಟ್ಟಿಲು ಅಷ್ಟೇ" ಅಂದಿದ್ದರು. ತೊಟ್ಟಿಲ ಹಿಂದೆ ಗೋಣಿಚೀಲ ಇತ್ತು. ಒಳಗೆ ಹ್ಯಾಂಡ್ ಗೇರಿನ ಲಿವರ್, ಅದರ ತುದಿಯ ಗುಂಡಿ, ಗೇರ್‌ಬಾಕ್ಸಿನ ಹಳೇ ಕವರ್, ಡಿಕ್ಕಿಯ ಫಿಯಟ್ ಅಕ್ಷರ, ಒಂದು ವೀಲ್ ಕಪ್. ಎಲ್ಲದರ ಮೇಲೂ ಎಣ್ಣೆ ಬಳಿದು ಹಳೇ ಪ್ರಜಾವಾಣಿಯಲ್ಲಿ ಸುತ್ತಿದ್ದಾರೆ. ಅಪ್ಪನ ಕೈಬರಹದಲ್ಲಿ "ಫಿಯಟ್, ಬಿಸಾಡಬೇಡಿ" ಅಂತ ಚೀಟಿ. ಅಣ್ಣ ಅಲ್ಲೇ ಕೂತುಬಿಟ್ಟ.

ಕಾಲಮ್ಮಿನ ಉದ್ದ ರಾಡು, ಕೆಳಗಿನ ಲಿಂಕೇಜು ಮಾತ್ರ ಅದರಲ್ಲಿ ಇಲ್ಲ. ಗೇರ್ ಬದಲಿಸಿದ ಗ್ಯಾರೇಜ್ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ.

ಬಣ್ಣದ ವಿಷಯವೂ ಗೊತ್ತಾಯಿತು. ಈಗ ಗಾಡಿ ಬಿಳಿ ಇದೆ. ಡ್ಯಾಶ್‌ಬೋರ್ಡ್ ಕೆಳಗೆ, ಮುಂದಿನ ಗಾಜಿನ ರಬ್ಬರ್ ಎತ್ತಿದ ಕಡೆ ತಿಳಿ ಹಸಿರು ಸಿಕ್ಕಿತು. ಆ ಬಣ್ಣ ಅಮ್ಮನಿಗೆ ನೆನಪಿತ್ತು, ನಾವು ಹುಟ್ಟುವ ಮುಂಚಿನದ್ದು. ರಬ್ಬರ್ ಕೆಳಗಿನ ಆ ಪಟ್ಟಿಯನ್ನು ಪೇಂಟ್ ಅಂಗಡಿಯಲ್ಲಿ ತೋರಿಸಿ ಶೇಡ್ ಕೂಡಿಸಿದ್ದೇವೆ.

ಒಂದು ಪ್ರಶ್ನೆ. ಡಿಕ್ಕಿಯ ಅಕ್ಷರದ ಮೇಲೆ ಸಣ್ಣ ಸಣ್ಣ ಗುಳ್ಳೆ, ಕುಳಿ ಬಿದ್ದಿವೆ. ಕ್ರೋಮ್ ಮಾಡಿಸೋಣವಾ?

ಜೆಸಿ ರೋಡ್ ಅಲೆಮಾರಿ

ಮೇಡಂ, ಅವಸರ ಬೇಡ! ಆ ಅಕ್ಷರ ಕಬ್ಬಿಣ ಅಲ್ಲ, ಮಜಾಕ್, ಅಂದರೆ ಸತುವಿನ ಮಿಶ್ರಲೋಹ. ಅದನ್ನು ಸಾಮಾನ್ಯ ಪ್ಲೇಟಿಂಗ್ ಅಂಗಡಿಗೆ ಕೊಟ್ಟರೆ ಬಂಪರಿನ ಹಾಗೆ ಆಸಿಡ್ಡಿಗೆ ಅದ್ದುತ್ತಾರೆ, ಪಾಲಿಶ್ ಚಕ್ರಕ್ಕೆ ಹಿಡಿಯುತ್ತಾರೆ. ನನ್ನ ಒಂದು ಲಾಂಛನ ಹಾಗೆ ಕೊಟ್ಟು ವಾಪಸ್ ಬಂದಾಗ ಅಕ್ಷರದ ಅಂಚೇ ಇರಲಿಲ್ಲ, ಹಿಂದಿನ ಪಿನ್ ಎರಡು ಕರಗಿ ಹೋಗಿದ್ದವು. ಮಜಾಕ್ ಕೆಲಸ ಗೊತ್ತಿರುವವರು ಮೊದಲು ಹಳೇ ಕ್ರೋಮ್ ಮೆಲ್ಲಗೆ ತೆಗೆದು, ಕುಳಿಗಳನ್ನು ಒಂದೊಂದಾಗಿ ತುಂಬಿ, ತಾಮ್ರದ ಲೇಪ ಕೊಟ್ಟು ನಯ ಮಾಡಿ, ನಂತರ ನಿಕ್ಕಲ್, ಕೊನೆಗೆ ಕ್ರೋಮ್ ಮಾಡುತ್ತಾರೆ. ಅಂಥವರು ಸಿಗುವ ತನಕ ಮುಟ್ಟಿಸಬೇಡಿ.

ಹೆರಾಲ್ಡ್ ಮೈಸೂರು

ಸಿಕ್ಕರೂ ಮಾಡಿಸಬೇಡಿ ಅನ್ನುತ್ತೇನೆ ನಾನು. ಸೋಪಿನ ನೀರಲ್ಲಿ ಮೆತ್ತಗೆ ತೊಳೆದು, ಮೇಣ ಒರೆಸಿ ಹಾಗೇ ಕೂರಿಸಿ. ಆ ಗುಳ್ಳೆಗಳೂ 1967ರವು.

ಕುರ್ಲಾ ಕನ್ನಡಿಗ

ತಂಗಿ, ನಿಮ್ಮ ತಂದೆಯವರ ಚೀಟಿ ಓದಿ ಮನೆಯವರಿಗೂ ತೋರಿಸಿದೆ. ರಾಡು, ಲಿಂಕೇಜು ನೋಡಿ ಇಟ್ಟಿದ್ದೇನೆ, ಟ್ಯಾಕ್ಸಿಯಿಂದ ಬಂದದ್ದು, ರಾಡು ನೇರ ಇದೆ, ಬುಷ್ ಹೋಗಿವೆ. ಅಂಗಡಿಯವರು ಶನಿವಾರದ ತನಕ ಇಟ್ಟಿರುತ್ತಾರೆ. ಟ್ಯಾಕ್ಸಿ ಮಾದರಿಗೂ ನಿಮ್ಮದಕ್ಕೂ ಎರಡು ಕಡೆ ವ್ಯತ್ಯಾಸ ಇರಬಹುದು ಅಂತ ಅನುಮಾನ. ನಿಮ್ಮ ಲಿವರಿನ ಬುಡದ ಪಿನ್ ದಪ್ಪ ಎಷ್ಟು, ಗೇರ್‌ಬಾಕ್ಸ್ ಕವರಿನಲ್ಲಿ ಎರಡು ತೂತುಗಳ ನಡುವಿನ ಅಂತರ ಎಷ್ಟು ಅಂತ ಎಮ್‌ಎಮ್‌ನಲ್ಲಿ ಅಳೆದು ಕಳಿಸಿ. ಟೇಪಿನಲ್ಲಿ ಬೇಡ, ಸೂಕ್ಷ್ಮ ಅಳತೆ ತೋರಿಸುವ ವರ್ನಿಯರ್‌ನಲ್ಲಿ. ಸರಿ ಬಂದರೆ ಪಾರ್ಸೆಲ್ ಲಾರಿಗೆ ಹಾಕುತ್ತೇನೆ.

ಬೆಣ್ಣೆನಗರಿ67

ಅಣ್ಣ ಲೇತ್ ಅಂಗಡಿಗೆ ವರ್ನಿಯರ್ ತರಲು ಹೋಗಿದ್ದಾನೆ. ಸಂಜೆ ಒಳಗೆ ಅಳತೆ, ಫೋಟೊ ಎರಡೂ ಹಾಕುತ್ತೇನೆ. ಅಕ್ಷರ ಕ್ರೋಮ್ ಮಾಡಿಸುತ್ತಿಲ್ಲ.